ಭಾಲ್ಕಿಯ ರೂಟರಿನಲ್ಲಿ ಇಲ್ಲದ ಸಾಲು

ಸಂತಪುರದ ಹತ್ತಿರ ರಸ್ತೆ ಅಗಲ ಮಾಡುವ ಜೆಸಿಬಿ ನಮ್ಮ ಕೇಬಲ್ ಕಡಿದಿದೆ ಎಂದು ಫೋನ್ ಬಂದಾಗ ನಾನು ಬೀದರಿನ ನೌಬಾದದ ನನ್ನ ಖೋಲಿಯಲ್ಲಿ ಐಪಿ ರೂಟಿಂಗ್ ಅಧ್ಯಾಯವನ್ನು ಮತ್ತೊಮ್ಮೆ ಓದುತ್ತಿದ್ದೆ. ನೆಟ್‌ವರ್ಕಿಂಗ್ ಪರೀಕ್ಷೆಗೆ ಹೆಚ್ಚು ದಿನ ಉಳಿದಿರಲಿಲ್ಲ. ಆಸ್ಪತ್ರೆಗಳ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಜಾಲವನ್ನು ನೋಡಿಕೊಳ್ಳುವ ಸಣ್ಣ ಗುತ್ತಿಗೆ ತಂಡವೊಂದರಲ್ಲಿ ನಾನು ತಂತ್ರಜ್ಞೆ. ಔರಾದಿನ ರೂಟರ್ ನನ್ನ ಪಾಲಿಗೆ ಬಂದದ್ದು. ಪರೀಕ್ಷೆ ಪಾಸಾಗುವವರೆಗೆ ಬೇರೆ ಊರಿನ ರೂಟರಿಗೆ ನಾನು ಕೈ ಹಾಕುವಂತಿರಲಿಲ್ಲ. ಎಲ್ಲ ರೂಟರುಗಳ ಪಾಸ್‌ವರ್ಡ್ ಎಲ್ಲರಿಗೂ ಗೊತ್ತಿತ್ತು. ನಮ್ಮನ್ನು ತಡೆಯುತ್ತಿದ್ದದ್ದು ಆ ನಿಯಮವೊಂದೇ.

ಆ ಅಧ್ಯಾಯ ಹೇಳುವುದು ಹೆಚ್ಚೇನಲ್ಲ. ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹೋಗುವ ಮಾಹಿತಿ ಸಣ್ಣ ಸಣ್ಣ ಪ್ಯಾಕೆಟ್‌ಗಳಾಗಿ ಹೋಗುತ್ತದೆ. ಪ್ರತಿ ಪ್ಯಾಕೆಟ್ಟಿನ ಮೇಲೆ ಎರಡು ವಿಳಾಸಗಳಿರುತ್ತವೆ, ಹೊರಟ ಜಾಗದ್ದು ಮತ್ತು ಸೇರಬೇಕಾದ ಜಾಗದ್ದು. ನಡುವೆ ಸಿಗುವ ಪ್ರತಿ ರೂಟರ್ ಸೇರಬೇಕಾದ ವಿಳಾಸವನ್ನು ಓದಿ, ತನ್ನ ಟೇಬಲ್ಲಿನಲ್ಲಿ ಅದಕ್ಕೆ ಹೆಚ್ಚು ನಿಖರವಾಗಿ ಹೊಂದುವ ಸಾಲನ್ನು ಹುಡುಕಿ, ಆ ಸಾಲು ಹೇಳಿದ ಪಕ್ಕದ ರೂಟರಿಗೆ ದಾಟಿಸುತ್ತದೆ. ಹೊಂದುವ ಸಾಲು ಯಾವುದೂ ಇಲ್ಲದಿದ್ದರೆ, ಕೊನೆಯಲ್ಲಿ ಡಿಫಾಲ್ಟ್ ಎಂಬ ಸಾಲು ಇರುತ್ತದೆ. ಗೊತ್ತಿಲ್ಲದ್ದನ್ನೆಲ್ಲ ಈ ಕಡೆ ಕಳಿಸು ಎಂದು ಅದರ ಅರ್ಥ. ದಾಟಿಸಿದ ಮೇಲೆ ಆ ರೂಟರಿನ ಕೆಲಸ ಮುಗಿಯಿತು. ಪೂರ್ತಿ ದಾರಿ ಯಾವ ರೂಟರಿಗೂ ಗೊತ್ತಿರುವುದಿಲ್ಲ. ಉತ್ತರವಾಗಿ ಬರುವ ಪ್ಯಾಕೆಟ್ಟಿನ ದಾರಿಯನ್ನು ಮತ್ತೆ ಮೊದಲಿನಿಂದ, ಪ್ರತಿಯೊಂದು ರೂಟರೂ ಹೊಸದಾಗಿ ತೀರ್ಮಾನಿಸುತ್ತದೆ. ಹೋದ ದಾರಿಯಲ್ಲೇ ಅದು ಬರಬೇಕೆಂಬ ನಿಯಮವಿಲ್ಲ. ಬಂದೇ ಬರುತ್ತದೆ ಎಂಬ ಭರವಸೆಯೂ ಇಲ್ಲ. ಇದನ್ನು ನಾನು ಬಾಯಿಪಾಠ ಮಾಡಿದ್ದೆ. ಮಾದರಿ ಪ್ರಶ್ನೆಗಳಲ್ಲಿ ತಪ್ಪಿಲ್ಲದೆ ಉತ್ತರ ಗುರುತು ಮಾಡುತ್ತಿದ್ದೆ.

ನಮ್ಮ ಜಾಲ ತ್ರಿಕೋನದ ಆಕಾರದಲ್ಲಿದೆ. ಬೀದರಿನಿಂದ ಔರಾದಿಗೆ ಒಂದು ಕೇಬಲ್, ಬೀದರಿನಿಂದ ಭಾಲ್ಕಿಗೆ ಇನ್ನೊಂದು. ಭಾಲ್ಕಿ ಮತ್ತು ಔರಾದಿನ ನಡುವೆ ಕೇಬಲ್ ಇಲ್ಲ. ಟವರುಗಳ ಮೇಲೆ ಕೂಡಿಸಿದ ರೇಡಿಯೊ ಸಂಪರ್ಕವಿದೆ. ಅದರ ವೇಗ ಕಡಿಮೆ, ಹಾಗಾಗಿ ದಿನನಿತ್ಯ ಅದನ್ನು ಬಳಸುವುದಿಲ್ಲ. ಔರಾದಿನ ಕೇಬಲ್ ಕಡಿದರೆ ನಾವೇ ಕೈಯಿಂದ ಸಾಲು ಬದಲಿಸಿ, ಔರಾದಿನ ಮಾಹಿತಿ ಭಾಲ್ಕಿ ಸುತ್ತಿ ಬೀದರ ಸೇರುವಂತೆ ಮಾಡುತ್ತೇವೆ. ಜಾಲ ಚಿಕ್ಕದು, ರೂಟರುಗಳು ಹಳೆಯವು. ದಾರಿಯನ್ನು ತಾವೇ ಕಲಿತುಕೊಳ್ಳುವ ವ್ಯವಸ್ಥೆ ಅವುಗಳಲ್ಲಿ ಹಾಕಿಲ್ಲ.

ನಾನು ಔರಾದಿಗೆ ಹೊರಟೆ. ದಾರಿಯಲ್ಲಿ ಕೇಬಲ್ ಕಡಿದ ಜಾಗ ಕಂಡಿತು. ರಸ್ತೆಯ ಒಂದು ಬದಿಯನ್ನು ಆಳವಾಗಿ ಅಗೆದಿದ್ದರು, ಬಸ್ಸುಗಳು ಇನ್ನೊಂದು ಬದಿಯಲ್ಲಿ ಸರದಿ ಕಾಯುತ್ತಿದ್ದವು. ಆ ತಗ್ಗಿನಲ್ಲಿ ನಮ್ಮದೊಂದೇ ಅಲ್ಲ, ಮೊಬೈಲ್ ಟವರುಗಳಿಗೆ ಹೋಗುವ ಕೇಬಲ್ಲೂ ತುಂಡಾಗಿತ್ತು. ಔರಾದ ಮುಟ್ಟುವ ಮೊದಲೇ ನನ್ನ ಮೊಬೈಲಿನಲ್ಲಿ ಇಂಟರ್ನೆಟ್ ಹೋಯಿತು, ಕರೆಗಳೂ ನಿಂತವು. ಆಸ್ಪತ್ರೆಯ ನೋಂದಣಿ ಕೌಂಟರಿನಲ್ಲಿದ್ದ ಹಳೆಯ ಲ್ಯಾಂಡ್‌ಲೈನ್ ಮಾತ್ರ ಬೇರೆ ಕೇಬಲ್ಲಿನದು, ಅದು ನಡೆಯುತ್ತಿತ್ತು.

ಆ ಲ್ಯಾಂಡ್‌ಲೈನಿನಿಂದ ಬೀದರಿನ ನಮ್ಮ ಮೇಲ್ವಿಚಾರಕರಿಗೆ ಫೋನ್ ಮಾಡಿದೆ. ನಾನು ಔರಾದಿನ ರೂಟರಿನಲ್ಲಿ ಸಾಲು ಬದಲಿಸಿದೆ, ಅವರು ಬೀದರಿನ ರೂಟರಿನಲ್ಲಿ ಬದಲಿಸಿದರು. ಭಾಲ್ಕಿಯ ರೂಟರಿನಲ್ಲಿ ಔರಾದಿನ ಸಾಲು ಮೊದಲಿನಿಂದಲೂ ಬರೆದಿಟ್ಟದ್ದು, ಅಲ್ಲಿ ಮಾಡುವುದೇನೂ ಇರಲಿಲ್ಲ. ಆಮೇಲೆ ನಮ್ಮ ರೂಢಿಯಂತೆ ರೂಟರಿನಿಂದಲೇ ಬೀದರಿಗೆ ಪಿಂಗ್ ಕೊಟ್ಟೆ. ಪಿಂಗ್ ಎಂದರೆ ಇದ್ದೀಯಾ ಎಂದು ಕೇಳುವ ಒಂದು ಪುಟ್ಟ ಪ್ಯಾಕೆಟ್; ಇದ್ದೇನೆ ಎಂಬ ಉತ್ತರ ಬಂದರೆ ಸಂಪರ್ಕವಿದೆ ಎಂದು ಲೆಕ್ಕ. ಎಲ್ಲಕ್ಕೂ ಉತ್ತರ ಬಂತು. ನೋಂದಣಿ ಕೌಂಟರಿನವರೂ ತಮ್ಮ ಕಂಪ್ಯೂಟರ್ ಶುರುವಾಯಿತೆಂದರು. ಲೈನ್ ಬಂತು ಎಂದು ಮೇಲ್ವಿಚಾರಕರಿಗೆ ಹೇಳಿ ದೂರು ಮುಚ್ಚಿಸಿದೆ. ನಮ್ಮ ತಂಡದಲ್ಲಿ ಎಲ್ಲರೂ ಹೀಗೆಯೇ ಮಾಡುತ್ತಿದ್ದರು.

ಸಾಮಾನು ಚೀಲಕ್ಕೆ ಹಾಕಿಕೊಳ್ಳುತ್ತಿದ್ದಾಗ ಒಬ್ಬ ರೋಗಿಯನ್ನು ಟಂಟಂ ಆಟೊದಲ್ಲಿ ಕರೆತಂದರು. ಅರವತ್ತರ ಆಸುಪಾಸಿನ, ಕುರಿ ಸಾಕುವ ಮನುಷ್ಯ. ಹೊಲದ ಬದುವಿನಲ್ಲಿ ಹಿಂಡಿನ ಜೊತೆ ಇದ್ದಾಗ ಎದೆ ಹಿಡಿದಿತ್ತು. ಅಂಗಿ ಬೆವರಿನಿಂದ ತೊಯ್ದು ಮೈಗೆ ಅಂಟಿತ್ತು. ಜೊತೆಯಲ್ಲಿ ಅವರ ಹೆಂಡತಿ ಇದ್ದರು. ಸ್ಟ್ರೆಚರಿನ ಮೇಲೆ ಮಲಗಿಸಿದ ಮೇಲೂ ಅವರು ಕುರಿಗಳನ್ನು ಯಾರ ಕೈಯಲ್ಲಿ ಬಿಟ್ಟೆ ಎಂದು ಹೆಂಡತಿಯನ್ನು ಕೇಳುತ್ತಲೇ ಇದ್ದರು.

"ಕುರಿ ನಿಮ್ಮಕಿಂತ ಶಾಣ್ಯಾ ಅವ. ಸುಮ್ಕ ಮಲಗ್ರಿ," ಎಂದು ಆಕೆ ಗದರಿದರು. ಗದರುವಾಗಲೂ ಗಂಡನ ಅಂಗಾಲನ್ನು ಎರಡೂ ಕೈಯಿಂದ ತಿಕ್ಕುತ್ತಿದ್ದರು.

ಔರಾದಿನಲ್ಲಿ ಹೃದಯದ ತಜ್ಞರಿಲ್ಲ. ಇಲ್ಲಿ ಇಸಿಜಿ ತೆಗೆದರೆ ಅದು ನಮ್ಮ ಜಾಲದ ಮೂಲಕ ಬೀದರಿಗೆ ಹೋಗುತ್ತದೆ. ಅಲ್ಲಿನ ತಜ್ಞರು ನೋಡಿ, ಏನು ಮಾಡಬೇಕೆಂದು ಅದೇ ಪರದೆಯ ಮೇಲೆ ಬರೆದು ಕಳಿಸುತ್ತಾರೆ. ಡ್ಯೂಟಿಯಲ್ಲಿದ್ದ ಯುವ ಡಾಕ್ಟರು ಇಸಿಜಿ ತೆಗೆದರು. ಕಾಗದವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಗೆರೆ ಮೇಲಕ್ಕೆ ಎದ್ದಿರುವುದು ಈಗಿನ ಹೊಡೆತದಿಂದಲೋ, ಹಳೆಯ ಯಾವುದೋ ದೋಷದಿಂದಲೋ ಎಂದು ಅವರಿಗೆ ಖಚಿತವಾಗಲಿಲ್ಲ. ಈಗಿನದೇ ಆಗಿದ್ದರೆ ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ತಕ್ಷಣ ಕೊಡಬೇಕು, ತಡವಾದಷ್ಟೂ ಹೃದಯದ ಮಾಂಸ ಸಾಯುತ್ತ ಹೋಗುತ್ತದೆ. ಅಲ್ಲದಿದ್ದರೆ ಅದೇ ಇಂಜೆಕ್ಷನ್ ಮಿದುಳಿನಲ್ಲಿ ರಕ್ತ ಸುರಿಸಬಹುದು. ರೋಗಿಯ ರಕ್ತದೊತ್ತಡ ಆಗಲೇ ಮೇಲಿತ್ತು. ಡಾಕ್ಟರು ಲ್ಯಾಂಡ್‌ಲೈನಿನಿಂದ ಬೀದರಿನ ತಜ್ಞರಿಗೆ ಫೋನ್ ಮಾಡಿ ಕಂಡದ್ದನ್ನು ವಿವರಿಸಿದರು. ಇಸಿಜಿಯನ್ನು ತಾವೇ ನೋಡುವವರೆಗೆ ಕೊಡಬೇಡಿ ಎಂದು ತಜ್ಞರು ಹೇಳಿದರಂತೆ.

ನರ್ಸ್ ಹೊರಗೆ ಬಂದು ನನ್ನನ್ನು ಕರೆದರು. "ಅಕ್ಕಾ, ಇಸಿಜಿ ಹೋಗವಲ್ದು. ಸುಮ್ಮ ತಿರಗಲಕತ್ತದ ನೋಡ್ರಿ."

ಪರದೆಯ ಮೇಲೆ ಕಳುಹಿಸಲಾಗುತ್ತಿದೆ ಎಂಬ ಬರಹ ಮತ್ತು ಸುತ್ತುವ ಚಕ್ರ. ನಾನು ಮೊದಲು ಕಂಪ್ಯೂಟರನ್ನೇ ಅನುಮಾನಿಸಿದೆ, ಅದನ್ನು ಆರಿಸಿ ಹಚ್ಚಿದೆ. ಕೇಬಲ್ ತುದಿಯನ್ನು ಬಿಚ್ಚಿ ಮತ್ತೆ ಹಾಕಿದೆ, ಆಮೇಲೆ ಕೇಬಲ್ಲನ್ನೇ ಬದಲಿಸಿದೆ. ಚಕ್ರ ಸುತ್ತುತ್ತಲೇ ಇತ್ತು. ಪಕ್ಕದ ನೋಂದಣಿ ಕಂಪ್ಯೂಟರ್ ಮಾತ್ರ ಚೆನ್ನಾಗಿ ನಡೆಯುತ್ತಿತ್ತು. ಲ್ಯಾಂಡ್‌ಲೈನಿಗೆ ಹೋಗಿ ಮೇಲ್ವಿಚಾರಕರಿಗೆ ಹೇಳಿದೆ. ಅವರು ಬೀದರಿನಿಂದ ಔರಾದಿನ ರೂಟರಿಗೆ ಪಿಂಗ್ ಕೊಟ್ಟು ನೋಡಿದರು.

"ಪಿಂಗ್ ಬರ್ಲಕತ್ತದಲ್ಲವ್ವ. ಲೈನ್ ಛಲೋ ಅದ. ಕಂಪ್ಯೂಟರ್ ಕೆಟ್ಟದ, ಅದನ್ನ ನೋಡವರಿಗಿ ಹೇಳು. ದೂರು ಮತ್ತ ತೆಗಿಬ್ಯಾಡ."

ಅವರು ತಪ್ಪು ಹೇಳಿರಲಿಲ್ಲ, ಅವರ ಕಣ್ಣೆದುರಿಗೆ ಉತ್ತರಗಳು ಬರುತ್ತಿದ್ದವು. ನಾನು ಫೋನ್ ಇಟ್ಟು ಬಂದು ಇಸಿಜಿ ಕಂಪ್ಯೂಟರಿನ ಮುಂದೆ ಕುಳಿತೆ. ರೂಟರಿನಿಂದ ಅಲ್ಲ, ಇದೇ ಕಂಪ್ಯೂಟರಿನಿಂದ ಬೀದರಿಗೆ ಪಿಂಗ್ ಕೊಟ್ಟೆ. ಒಂದಕ್ಕೂ ಉತ್ತರ ಬರಲಿಲ್ಲ. ಔರಾದಿನ ರೂಟರಿಗೆ ಕೊಟ್ಟೆ, ಬಂತು. ಹಾಗಾದರೆ ಕಂಪ್ಯೂಟರ್ ಸರಿಯಿದೆ, ರೂಟರಿನವರೆಗೆ ಮುಟ್ಟುತ್ತಿದೆ. ಆಚೆಗೆ ಏನೋ ಆಗುತ್ತಿದೆ.

ಡಾಕ್ಟರು ಬಾಗಿಲಿಗೆ ಬಂದು ನಿಂತರು. ನಮ್ಮ ಕೆಲಸದಲ್ಲಿ ಯಾರು ಎಷ್ಟು ಹೊತ್ತು ಎಂದು ಕೇಳಿದರೂ ಐದು ನಿಮಿಷ ಎನ್ನುವುದು ವಾಡಿಕೆ. ಅರ್ಧ ದಿನದ ಕೆಲಸಕ್ಕೂ ಹಾಗೆಯೇ ಹೇಳುತ್ತೇವೆ. ಕೇಳಿದವರಿಗೂ ಅದು ಗೊತ್ತಿರುತ್ತದೆ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ನನ್ನ ಬಾಯಿಗೂ ಅದೇ ಬಂದಿತ್ತು.

"ಮೇಡಂ, ಖರೇ ಹೇಳ್ರಿ," ಎಂದರು ಡಾಕ್ಟರು. "ಲೈನ್ ಬರ್ತದಂದ್ರ ನಾ ಇಲ್ಲೇ ಇಟ್ಕೋತೇನಿ. ಇಲ್ಲಂದ್ರ ಈಗೇ ಬೀದರಿಗಿ ಕಳಸ್ತೇನಿ. ರಸ್ತಾ ಹ್ಯಾಂಗದ ನೋಡೀರಲ್ಲ. ಇಂಜೆಕ್ಷನ್ ಇಲ್ಲದ ಆ ರಸ್ತಾದಾಗ ಹಾಕೋದಂದ್ರ ನನಗ ಧೈರ್ಯ ಇಲ್ರಿ."

ಗೊತ್ತಿಲ್ಲ ಎಂದು ಹೇಳಿದೆ. ಎಲ್ಲಿ ತಪ್ಪಿದೆ ಎಂದು ಇನ್ನೂ ಕಂಡಿಲ್ಲ, ಕಂಡ ಮೇಲೆ ಹೇಳುತ್ತೇನೆ, ನನ್ನನ್ನು ನಂಬಿ ಕಾಯಬೇಡಿ ಎಂದೆ. ಅವರು ತಲೆಯಾಡಿಸಿ ಹೋದರು. ಕೊಡಬಹುದಾದ ಗುಳಿಗೆಗಳನ್ನು ಕೊಟ್ಟು, ಆಂಬುಲೆನ್ಸನ್ನು ಬಾಗಿಲಿಗೆ ತರಲು ಹೇಳಿದ್ದು ಕೇಳಿಸಿತು. ಇಂದಿಗೂ ಆ ದಿನದ ಕೆಲಸದಲ್ಲಿ ಸರಿಯಾಗಿ ಮಾಡಿದೆನೆಂದು ನನಗೆ ಅನುಮಾನವಿಲ್ಲದ್ದು ಗೊತ್ತಿಲ್ಲ ಎಂದ ಆ ಮಾತೊಂದೇ.

ಆಮೇಲೆ ಕಾಗದ ತೆಗೆದುಕೊಂಡು ತ್ರಿಕೋನ ಬರೆದೆ. ಪರೀಕ್ಷೆಗೆ ಓದುವಾಗ ಬರೆಯುತ್ತಿದ್ದಂತೆಯೇ, ಪ್ರತಿ ರೂಟರಿನ ಪಕ್ಕ ಅದರ ಟೇಬಲ್. ಇಸಿಜಿ ಕಂಪ್ಯೂಟರಿನ ವಿಳಾಸ 10.40.16 ಎಂದು ಶುರುವಾಗುತ್ತದೆ. ನೋಂದಣಿಯದು 10.40.6. ಅಂದರೆ ಎರಡೂ ಬೇರೆ ಬೇರೆ ಗುಂಪಿನವು. ಇಸಿಜಿ ವ್ಯವಸ್ಥೆ ಬಂದಾಗ ಅದಕ್ಕೆಂದೇ ಹೊಸ ಗುಂಪಿನ ವಿಳಾಸಗಳನ್ನು ಕೊಟ್ಟಿದ್ದರು. ಆ ಹೊಸ ಗುಂಪಿನ ಸಾಲನ್ನು ಔರಾದಿನಲ್ಲಿ ಬರೆದಿದ್ದೇವೆ, ಬೀದರಿನಲ್ಲಿ ಬರೆದಿದ್ದೇವೆ. ಭಾಲ್ಕಿಯ ಪಕ್ಕ ಬರೆಯಹೋದಾಗ ಪೆನ್ನು ನಿಂತಿತು. ಭಾಲ್ಕಿಯಲ್ಲಿ ಅದನ್ನು ಬರೆದದ್ದು ನನಗೆ ನೆನಪಾಗಲಿಲ್ಲ. ಇಸಿಜಿ ಶುರುವಾದಾಗ ನೇರ ಕೇಬಲ್ ಚೆನ್ನಾಗಿತ್ತು, ಪರೀಕ್ಷಿಸಿದಾಗ ನಡೆಯಿತು, ಎಲ್ಲರೂ ಮನೆಗೆ ಹೋದರು. ಭಾಲ್ಕಿಯ ದಾರಿ ಅಂದು ಯಾರಿಗೂ ಬೇಕಾಗಿರಲಿಲ್ಲ.

ಮತ್ತೆ ಲ್ಯಾಂಡ್‌ಲೈನಿಗೆ ಹೋಗಿ, ಬೀದರಿನಿಂದ ಇಸಿಜಿ ಕಂಪ್ಯೂಟರಿನ ವಿಳಾಸಕ್ಕೇ ದಾರಿ ಪತ್ತೆ ಹಚ್ಚುವ ಆಜ್ಞೆ ಕೊಡಿ ಎಂದು ಮೇಲ್ವಿಚಾರಕರನ್ನು ಕೇಳಿಕೊಂಡೆ. ಪ್ಯಾಕೆಟ್ ಯಾವ ಯಾವ ರೂಟರನ್ನು ಹಾಯುತ್ತದೆ ಎಂದು ಅದು ಒಂದೊಂದಾಗಿ ತೋರಿಸುತ್ತದೆ. ಅವರು ಗೊಣಗುತ್ತಲೇ ಕೊಟ್ಟರು. ಪರದೆಯಲ್ಲಿ ಬಂದದ್ದನ್ನು ಓದತೊಡಗಿದರು.

"ಭಾಲ್ಕಿ. ಬೀದರ. ಭಾಲ್ಕಿ. ಬೀದರ. ಭಾಲ್ಕಿ..." ಅವರ ದನಿ ನಿಧಾನವಾಯಿತು. "ಇದೇನವ್ವ ಇದು, ಹೋಗಿ ಹೋಗಿ ನನ್ನ ಕಡೀಗೇ ಬರ್ಲಕತ್ತದ."

ಆಗ ಎಲ್ಲವೂ ಸ್ಪಷ್ಟವಾಯಿತು. ಇಸಿಜಿ ಕಂಪ್ಯೂಟರಿನ ಪ್ಯಾಕೆಟ್ ಭಾಲ್ಕಿ ಹಾಯ್ದು ಬೀದರಿನ ಬಾಗಿಲು ತಟ್ಟುತ್ತಿತ್ತು. ಬೀದರ ಒಳಗೆ ಬಾ ಎಂದು ಉತ್ತರ ಕೊಡುತ್ತಿತ್ತು. ಆ ಉತ್ತರ ಭಾಲ್ಕಿಗೆ ಬಂದಾಗ, ಭಾಲ್ಕಿಯ ಟೇಬಲ್ಲಿನಲ್ಲಿ ಔರಾದಿನ ಹೊಸ ಗುಂಪಿಗೆ ಸಾಲೇ ಇರಲಿಲ್ಲ. ಗೊತ್ತಿಲ್ಲದ್ದನ್ನು ಅದು ಡಿಫಾಲ್ಟ್ ಸಾಲಿನಂತೆ ಬೀದರಿಗೇ ವಾಪಸು ಕಳಿಸುತ್ತಿತ್ತು. ಬೀದರ ಮತ್ತೆ ಭಾಲ್ಕಿಗೆ ಕಳಿಸುತ್ತಿತ್ತು. ಪ್ರತಿ ಪ್ಯಾಕೆಟ್ಟಿಗೂ ಇಂತಿಷ್ಟೇ ರೂಟರುಗಳನ್ನು ದಾಟಬಹುದೆಂಬ ಒಂದು ಎಣಿಕೆ ಇರುತ್ತದೆ. ದಾಟಿದಂತೆ ಅದು ಒಂದೊಂದಾಗಿ ಇಳಿದು, ಸೊನ್ನೆಯಾದಾಗ ಪ್ಯಾಕೆಟ್ಟನ್ನು ಬಿಸಾಡಲಾಗುತ್ತದೆ. ಔರಾದಿಗೆ ಬರಬೇಕಾದ ಉತ್ತರಗಳೆಲ್ಲ ಹೀಗೆ ಆ ಎರಡು ಊರಿನ ನಡುವೆ ಓಡಾಡಿ ಸಾಯುತ್ತಿದ್ದವು. ನಾನು ರೂಟರಿನಿಂದ ಪಿಂಗ್ ಕೊಟ್ಟಾಗ, ಅದು ಹೊರಟ ವಿಳಾಸವೆಂದು ರೇಡಿಯೊ ಕಡೆಯ ತನ್ನ ವಿಳಾಸವನ್ನೇ ಬರೆದುಕೊಳ್ಳುತ್ತಿತ್ತು. ಆ ವಿಳಾಸ ಭಾಲ್ಕಿಗೆ ಗೊತ್ತು, ಅದರ ರೇಡಿಯೊಗೇ ಹೊಂದಿಕೊಂಡದ್ದು. ಹಾಗಾಗಿ ನಮಗೆ ಮಾತ್ರ ಉತ್ತರ ಬರುತ್ತಿತ್ತು. ಕಾಯುತ್ತಿದ್ದವರಿಗೆ ಬರುತ್ತಿರಲಿಲ್ಲ.

ಭಾಲ್ಕಿಯ ರೂಟರಿನಲ್ಲಿ ಒಂದು ಸಾಲು ಬರೆದರೆ ಸಾಕು. ಆದರೆ ನಮ್ಮಲ್ಲಿ ಇನ್ನೊಂದು ಕಟ್ಟುನಿಟ್ಟಿನ ನಿಯಮವಿದೆ. ಯಾವ ಊರಿನ ರೂಟರ್ ಬದಲಿಸಬೇಕಾದರೂ ಆ ಊರಿನ ತಂತ್ರಜ್ಞರು ಅದರ ಎದುರಿಗೆ ನಿಂತಿರಬೇಕು. ಹಿಂದೆ ದೂರದಿಂದ ಬದಲಿಸಹೋಗಿ ರೂಟರನ್ನೇ ಕೈತಪ್ಪಿಸಿಕೊಂಡು, ಅದರ ಬಳಿಗೆ ಯಾರಾದರೂ ಮುಟ್ಟುವವರೆಗೆ ಇಡೀ ತಾಲೂಕು ಕತ್ತಲಲ್ಲಿ ಉಳಿದದ್ದಿತ್ತು. ಭಾಲ್ಕಿಯ ನಮ್ಮ ಸಹೋದ್ಯೋಗಿ ಅಂದು ಮೆಹಕರದಲ್ಲಿ ಸಂಬಂಧಿಕರ ಮದುವೆಯಲ್ಲಿದ್ದರು. ಮೇಲ್ವಿಚಾರಕರು ಅವರಿಗೆ ಮತ್ತೆ ಮತ್ತೆ ಫೋನ್ ಮಾಡಿದರು. ಫೋನ್ ಹೋಗುತ್ತಿತ್ತು, ಯಾರೂ ಎತ್ತುತ್ತಿರಲಿಲ್ಲ. ಬ್ಯಾಂಡಿನ ಸದ್ದಿನಲ್ಲಿ ಕೇಳಿಸಿರಲಿಕ್ಕಿಲ್ಲ. ನಿಯಮ ಮೀರಿ ಬೀದರಿನಿಂದ ತಾವೇ ಬದಲಿಸಲು ಮೇಲ್ವಿಚಾರಕರು ಮುಂದಾಗಲಿಲ್ಲ.

ಇಸಿಜಿ ಕಂಪ್ಯೂಟರಿಗೆ ತಾತ್ಕಾಲಿಕವಾಗಿ ಹಳೆಯ ಗುಂಪಿನ ವಿಳಾಸ ಕೊಡೋಣವೇ ಎಂದು ಯೋಚಿಸಿದೆ. ಬೀದರಿನ ಇಸಿಜಿ ಸರ್ವರ್ ಹೊಸ ಗುಂಪನ್ನು ಬಿಟ್ಟು ಬೇರೆ ಯಾವುದನ್ನೂ ಒಳಗೆ ಬಿಡುವುದಿಲ್ಲ. ಕಾಗದದ ಫೋಟೊ ತೆಗೆದು ನೋಂದಣಿ ಕಂಪ್ಯೂಟರಿನಿಂದ ಕಳಿಸಲು, ಅದಕ್ಕೆ ಹೊರಗಿನ ಇಂಟರ್ನೆಟ್ ಇಲ್ಲ. ಉಳಿದದ್ದು ಭಾಲ್ಕಿಯ ರೂಟರ್. ರೇಡಿಯೊ ದಾರಿಯಿಂದ ನಾನು ಔರಾದಿನಲ್ಲಿ ಕುಳಿತೇ ಅದರೊಳಗೆ ಹೋಗಬಹುದಿತ್ತು. ಪಾಸ್‌ವರ್ಡ್ ನನಗೆ ಗೊತ್ತಿತ್ತು.

ನನ್ನ ಭಯ ಕೆಲಸ ಹೋಗುತ್ತದೆಂದಲ್ಲ. ಭಾಲ್ಕಿಯ ಆಸ್ಪತ್ರೆಯೂ ಅದೇ ರೂಟರಿನ ಮೂಲಕ ಬೀದರಿಗೆ ಇಸಿಜಿ ಕಳಿಸುತ್ತದೆ. ಸಾಲಿನಲ್ಲಿ ಗುಂಪಿನ ಅಳತೆಯನ್ನು ಹೇಳುವ ಒಂದು ಅಂಕಿ ಇರುತ್ತದೆ. ಅಳತೆ ತಪ್ಪಿ ದೊಡ್ಡದಾದರೆ ಬೀದರಿನ ಸರ್ವರಿಗೆ ಹೋಗಬೇಕಾದ ಪ್ಯಾಕೆಟ್‌ಗಳೂ ಔರಾದಿನ ಕಡೆಗೆ ತಿರುಗಬಹುದು. ಭಾಲ್ಕಿಯಲ್ಲಿ ಆ ಹೊತ್ತಿಗೆ ಇನ್ನೊಬ್ಬರು ಯಾರು ಮಲಗಿದ್ದಾರೋ ನನಗೆ ಗೊತ್ತಿಲ್ಲ.

ಕಾಗದದ ಮೇಲಿನ ತ್ರಿಕೋನವನ್ನು ಮತ್ತೆ ನೋಡಿದೆ. ಆ ಅಧ್ಯಾಯದಲ್ಲಿ ಬಾಯಿಪಾಠ ಮಾಡಿದ್ದ ಮಾತು ಆಗ ನನಗೆ ಅರ್ಥವಾಯಿತು. ರೂಟರ್ ಹೆಚ್ಚು ನಿಖರವಾಗಿ ಹೊಂದುವ ಸಾಲನ್ನೇ ಆರಿಸುತ್ತದೆ. ನಾನು ಔರಾದಿನ ಹೊಸ ಗುಂಪಿನಷ್ಟೇ ಅಳತೆಯ ಸಾಲನ್ನು ಬರೆದರೆ, ಆ ಗುಂಪಿಗೆ ಹೋಗುವ ಪ್ಯಾಕೆಟ್‌ಗಳನ್ನು ಬಿಟ್ಟು ಬೇರೆ ಒಂದನ್ನೂ ಅದು ಮುಟ್ಟುವುದಿಲ್ಲ. ಆ ಪ್ಯಾಕೆಟ್‌ಗಳು ಈಗಾಗಲೇ ಸಾಯುತ್ತಿವೆ. ಅಳತೆ ಸರಿಯಿದ್ದರೆ ಈ ಸಾಲಿನಿಂದ ಯಾರಿಗೂ ಕೆಡುಕಿಲ್ಲ. ಅಳತೆ ಸರಿಯಿರುವಂತೆ ನೋಡಿಕೊಳ್ಳುವುದು ನನ್ನ ಕೈಯಲ್ಲಿತ್ತು.

ಲ್ಯಾಂಡ್‌ಲೈನಿನ ವೈರು ಗಿಡ್ಡದಿತ್ತು. ಲ್ಯಾಪ್‌ಟಾಪನ್ನು ಕೌಂಟರಿಗೆ ತಂದು, ರಿಸೀವರನ್ನು ಭುಜಕ್ಕೆ ಒತ್ತಿಕೊಂಡು, ಮೇಲ್ವಿಚಾರಕರಿಗೆ ನನ್ನ ತೀರ್ಮಾನ ಹೇಳಿದೆ. ಇಷ್ಟನ್ನೇ ಬರೆಯುತ್ತೇನೆ, ಬರೆಯುವ ಮೊದಲು ಓದಿ ಹೇಳುತ್ತೇನೆ, ರೂಟರಿನ ಕಾಯಂ ನೆನಪಿನಲ್ಲಿ ಉಳಿಸುವುದಿಲ್ಲ. ಏನಾದರೂ ಆದರೆ ರೂಟರಿನ ಕರೆಂಟ್ ತೆಗೆದು ಹಾಕಿಸಿದರೆ ಸಾಲು ಹೋಗುತ್ತದೆ ಎಂದೆ.

"ನಾ ಹಾಕು ಅಂದಿಲ್ಲ," ಎಂದರು ಅವರು. "ಬ್ಯಾಡ ಅಂತನೂ ಅಂದಿಲ್ಲ. ಓದು, ಕೇಳ್ತೇನಿ."

ಭಾಲ್ಕಿಯ ರೂಟರಿನೊಳಗೆ ಹೋಗಿ ಮೊದಲು ಅದರ ಟೇಬಲ್ ತೆರೆದೆ. ಔರಾದಿನ ಹಳೆಯ ಗುಂಪಿನ ಸಾಲು ಇತ್ತು. ಹೊಸದು ಇರಲಿಲ್ಲ. ಇದ್ದ ಸಾಲು ಪಕ್ಕದ ರೂಟರೆಂದು ಯಾವ ವಿಳಾಸವನ್ನು ಹೇಳುತ್ತಿತ್ತೋ ಅದನ್ನೇ ನೋಡಿ, ಹೊಸ ಸಾಲು ಟೈಪ್ ಮಾಡಿದೆ. ಎಂಟರ್ ಒತ್ತಲಿಲ್ಲ. ಒಂದೊಂದೇ ಅಂಕಿಯನ್ನು ಗಟ್ಟಿಯಾಗಿ ಓದಿದೆ. ಅವರು ಒಂದೊಂದನ್ನೂ ತಿರುಗಿ ಹೇಳಿದರು. ಅಳತೆಯ ಅಂಕಿಗೆ ಬಂದಾಗ ಮತ್ತೊಮ್ಮೆ ಓದಿಸಿದರು. ಆ ಹೊತ್ತಿಗೆ ಹೊರಗೆ ಸ್ಟ್ರೆಚರಿನ ಗಾಲಿಗಳ ಸದ್ದು ಕೇಳುತ್ತಿತ್ತು. ಬೇಗ ಒತ್ತಬೇಕೆಂಬ ಆಸೆಯನ್ನು ತಡೆದುಕೊಳ್ಳುವುದೇ ದೊಡ್ಡ ಕೆಲಸವಾಯಿತು. ಅವರು ಹೂಂ ಎಂದ ಮೇಲೆ ಒತ್ತಿದೆ.

ಟೇಬಲ್ಲನ್ನು ಮತ್ತೆ ತೆರೆದೆ. ಸಾಲು ಕುಳಿತಿತ್ತು. ಭಾಲ್ಕಿ ಆಸ್ಪತ್ರೆಗೆ ಬೀದರಿನಿಂದ ಪಿಂಗ್ ಕೊಡಿ ಎಂದೆ, ಮೊದಲಿನಂತೆಯೇ ಇದೆ ಎಂದರು. ರಿಸೀವರನ್ನು ಕೌಂಟರಿನ ಮೇಲೆ ಬಿಟ್ಟು ಇಸಿಜಿ ಕೋಣೆಗೆ ಓಡಿದೆ. ನರ್ಸ್ ಪರದೆಯ ಮುಂದೆ ನಿಂತಿದ್ದರು. ಚಕ್ರ ಇರಲಿಲ್ಲ. ಕಳುಹಿಸಲಾಗಿದೆ ಎಂದಿತ್ತು.

ಡಾಕ್ಟರು ಆಂಬುಲೆನ್ಸಿನ ಹಿಂಬಾಗಿಲ ಬಳಿಯಿದ್ದರು. ಹೋಯಿತು ಎಂದು ಹೇಳಿದೆ. ಅವರು ಸ್ಟ್ರೆಚರನ್ನು ತಡೆದು, ಉತ್ತರ ಬರುತ್ತದೆಯೇ ಎಂದು ಕೇಳಿದರು. ಬರುವ ದಾರಿ ಈಗ ಇದೆ, ತಜ್ಞರು ಬರೆದರೆ ಬರುತ್ತದೆ ಎಂದೆ. ನಾವು ನಾಲ್ಕೈದು ಜನ ಆ ಸಣ್ಣ ಪರದೆಯ ಮುಂದೆ ನಿಂತೆವು. ತಜ್ಞರ ಉತ್ತರ ಎರಡೇ ಸಾಲಿನದು. ಈಗಿನ ಹೊಡೆತವೇ, ಇಂಜೆಕ್ಷನ್ ಕೊಟ್ಟು ಕಳಿಸಿ. ಅದರ ಕೆಳಗೆ ಔಷಧದ ಪ್ರಮಾಣ.

ಇಂಜೆಕ್ಷನ್ ಕೊಡುವಾಗ ನಾನು ಹೊರಗೆ ಗೋಡೆಗೆ ಒರಗಿ ನಿಂತಿದ್ದೆ. ಆಂಬುಲೆನ್ಸ್ ಹೊರಟ ಮೇಲೆ ಕೌಂಟರಿನ ಮೇಲೆ ಬಿಟ್ಟಿದ್ದ ರಿಸೀವರನ್ನು ಎತ್ತಿ ಮೇಲ್ವಿಚಾರಕರಿಗೆ ಹೇಳಿದೆ. ಸಂಜೆ ಹೊತ್ತಿಗೆ ಕೇಬಲ್ ಕೂಡಿಸಿದರು, ಮೊಬೈಲುಗಳಿಗೆ ಜೀವ ಬಂತು. ಮೊದಲು ಬಂದ ಕರೆ ಭಾಲ್ಕಿಯ ಸಹೋದ್ಯೋಗಿಯದು.

"ಅಕ್ಕಾ, ನನ್ನ ರೂಟರಿಗಿ ಏನರ ಮಾಡೀರೇನ್ರಿ?"

ಎಲ್ಲವನ್ನೂ ಹೇಳಿದೆ. ಅವರು ಮದುವೆ ಮನೆಯ ಹಿಂದೆಲ್ಲೋ ಹೋಗಿ ನಿಂತಿದ್ದರು, ಸದ್ದು ದೂರವಾಗಿತ್ತು. ಆ ಸಾಲು ಬರೆಯಬೇಕೆಂದು ತಮಗೆ ಯಾರೂ ಹೇಳಿರಲಿಲ್ಲ ಎಂದರು. ನಿಜ, ಯಾರೂ ಹೇಳಿರಲಿಲ್ಲ. ತಾವೂ ಕೇಳಲಿಲ್ಲ ಎಂದು ಸೇರಿಸಿದರು, ಮರಳಿ ಬಂದ ಮೇಲೆ ಸಾಲನ್ನು ಕಾಯಂ ಉಳಿಸುತ್ತೇನೆ ಎಂದರು.

ಮುಂದಿನ ದಿನಗಳಲ್ಲಿ ಕಲಬುರಗಿಗೆ ಹೋಗಿ ಪರೀಕ್ಷೆ ಬರೆದೆ, ಪಾಸೂ ಆದೆ. ರೂಟಿಂಗ್ ಪ್ರಶ್ನೆಗಳು ಬಂದಾಗ ಉತ್ತರ ಗುರುತು ಮಾಡುವ ಮೊದಲು ಬಹಳ ಹೊತ್ತು ಕುಳಿತೆ. ಅವು ಕಠಿಣವಾಗಿರಲಿಲ್ಲ. ಪ್ರಶ್ನೆಯ ಚಿತ್ರದಲ್ಲಿ ಮೂಲೆಗೊಂದು ಕಂಪ್ಯೂಟರ್ ಇರುತ್ತದಲ್ಲ, ಅದರ ಮುಂದೆ ಯಾರೋ ನಿಂತಿದ್ದಾರೆ ಎಂದು ಅನಿಸುತ್ತಿತ್ತು.

ಪರೀಕ್ಷೆ ಮುಗಿಸಿ ಬಂದ ಮೇಲೆ ಔರಾದಿನ ಡಾಕ್ಟರಿಗೆ ಫೋನ್ ಮಾಡಿ ರೋಗಿಯ ಬಗ್ಗೆ ಕೇಳಿದೆ. ಬದುಕಿದ್ದಾರೆ, ಬೀದರಿನ ವಾರ್ಡಿನಲ್ಲಿದ್ದಾರೆ ಎಂದರು. ಆದರೆ ಹೃದಯದ ಒಂದು ಭಾಗ ಸತ್ತಿದೆ, ಇನ್ನು ಕುರಿಗಳ ಹಿಂದೆ ದಿನವಿಡೀ ನಡೆಯಲಾರರು. ನಮ್ಮ ಲೈನಿನ ತಡದಿಂದ ಅದರಲ್ಲಿ ಎಷ್ಟು ಸತ್ತಿತು ಎಂದು ಕೇಳಿದೆ. ಹೊಲದಿಂದ ಆಸ್ಪತ್ರೆ ಮುಟ್ಟಲು ಹಿಡಿದ ಹೊತ್ತೂ ಇದೆ, ಆಮೇಲಿನ ಹೊತ್ತೂ ಇದೆ, ಬೇರೆ ಮಾಡಿ ಹೇಳಲು ಯಾರಿಂದಲೂ ಆಗುವುದಿಲ್ಲ ಎಂದು ಅವರು ಮೆಲ್ಲಗೆ ಹೇಳಿದರು.

ಇತ್ತ ನಮ್ಮ ತಂಡದಲ್ಲಿ ಮಾತುಕತೆ ನಡೆದಿತ್ತು. ಇಸಿಜಿಗೆಂದು ಹೊಸ ಗುಂಪು ಕೊಟ್ಟ ಆರೋಗ್ಯ ಕೇಂದ್ರಗಳು ಇನ್ನೂ ಕೆಲವು ಇದ್ದವು. ಅವುಗಳ ಬದಲಿ ದಾರಿ ಸರಿಯಿದೆಯೋ ಇಲ್ಲವೋ ತಿಳಿಯಬೇಕಾದರೆ, ಚೆನ್ನಾಗಿರುವ ಕೇಬಲ್ಲನ್ನು ಬೇಕೆಂದೇ ಕಳಚಿ, ಪ್ರತಿ ಊರಿನ ಇಸಿಜಿ ಕಂಪ್ಯೂಟರಿನ ಮುಂದೆಯೇ ಕುಳಿತು ನೋಡಬೇಕು. ಅದಕ್ಕೆ ಪ್ರತಿ ಕೇಂದ್ರದಿಂದ ಅನುಮತಿ ಬೇಕು. ಮುಂದಿನ ನಿರ್ವಹಣೆಯ ಕೆಲಸದ ಜೊತೆ ಮಾಡೋಣ ಎಂದು ತೀರ್ಮಾನವಾಯಿತು. ನಾನೂ ಒಪ್ಪಿದ್ದೆ.

ಅದರ ಮರುದಿನ ವಾರ್ಡಿಗೆ ಹೋದೆ. ರೋಗಿ ಮಲಗಿದ್ದರು. ಅವರ ಹೆಂಡತಿ ಹೊರಗಿನ ಬೆಂಚಿನ ಮೇಲೆ ರೊಟ್ಟಿಯ ಗಂಟನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು. ನನ್ನನ್ನು ನೋಡಿ ಗುರುತು ಹಿಡಿದು ಪಕ್ಕದಲ್ಲಿ ಜಾಗ ಮಾಡಿಕೊಟ್ಟರು.

"ಅವತ್ತ ಆ ಕಂಪ್ಯೂಟರ್ ಮುಂದ ಕುಂತ ಬಾಯಿ ನೀನೇ ಅಲ್ಲೇನು? ನಿನಗ ಇಲ್ಲೇನು ಕೆಲ್ಸ?"

ಆರಾಮ ಇದ್ದಾರೆಯೇ ಎಂದು ನೋಡಲು ಬಂದೆ ಎಂದೆ. ಅಷ್ಟಕ್ಕೇ ಎದ್ದು ಹೋಗಬಹುದಿತ್ತು. ಆದರೆ ಅವರಿಗೆ ಗೊತ್ತಾಗಬೇಕಾದ ಸಂಗತಿಯೊಂದಿತ್ತು, ಹೇಳಬಲ್ಲವರು ಬೇರೆ ಯಾರೂ ಇರಲಿಲ್ಲ. ಡಾಕ್ಟರಿಗೆ ಬೀದರಿನಿಂದ ಬರಬೇಕಾದ ಜವಾಬು ಅಂದು ಭಾಲ್ಕಿಯಲ್ಲಿ ಸಿಕ್ಕಿಕೊಂಡಿತ್ತು ಎಂದು ಹೇಳಿದೆ. ಯಾರು ಸಿಕ್ಕಿಸಿದರು ಎಂದು ಕೇಳಿದರು. ಯಾರೂ ಬೇಕೆಂದು ಮಾಡಿದ್ದಲ್ಲ, ನಾವು ಒಂದು ಹಾದಿ ಬರೆದಿಡಬೇಕಾಗಿತ್ತು, ಬರೆದಿರಲಿಲ್ಲ ಎಂದೆ.

"ಎಷ್ಟೊತ್ತು?"

"ಒಂದ ತಾಸಿನಷ್ಟು ಅವ್ವ."

ಆಕೆ ರೊಟ್ಟಿಯ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದರು. ಆ ಒಂದು ತಾಸಿನಲ್ಲೇ ಎದೆ ಕೆಟ್ಟಿತೇ ಎಂದು ಕೇಳಿದರು. ನನಗೆ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ, ಸ್ವಲ್ಪ ಅದರಿಂದಲೂ ಕೆಟ್ಟಿರಬಹುದು ಎಂದೆ. ಬೈಯುತ್ತಾರೆಂದು ಕಾದೆ, ಬೈದರೆ ಹಗುರಾಗುತ್ತಿತ್ತೇನೋ. ಆಕೆ ವಾರ್ಡಿನ ಬಾಗಿಲ ಕಡೆ ಒಮ್ಮೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಈಗರ ಬರದೀರೇನು, ಆ ಹಾದಿ?"

"ಬರದೀವಿ."

"ಎಲ್ಲಾ ಊರಿಂದೂ?"

"ಔರಾದಿಂದು ಬರದೀವಿ ಅವ್ವ. ಉಳದ ಊರಿಂದು ಇನ್ನಾ ನೋಡಿಲ್ಲ."

ಆಕೆ ನನ್ನ ಮುಖವನ್ನೇ ನೋಡಿದರು. ದನಿಯಲ್ಲಿ ಸಿಟ್ಟಿರಲಿಲ್ಲ. ಹೊಲಕ್ಕೆ ಹೊರಡದೆ ಕುಳಿತವರನ್ನು ಮನೆಯ ಹಿರಿಯರು ಕೇಳುವಂತೆ ಕೇಳಿದರು.

"ಮತ್ತ ಇಲ್ಲಿ ಯಾಕ ಕುಂತೀ?"

ನಾನು ಚೀಲ ತೆಗೆದುಕೊಂಡು ಎದ್ದೆ.